ನಮ್ಮ ಲೆಕ್ಕ ಎಲ್ಲಿದೆ? ಅಸೂಟಿಯ ಒಂದು ಪಾಠ ಮತ್ತು ದತ್ತಾಂಶ ಸಂಗ್ರಹದ ನಿಯಮಗಳು

ಈ ಸಲದ ಪಾಠಾಭ್ಯಾಸಕ್ಕೆ ನಮ್ಮ ಕಾಲೇಜಿನ ಐವರು ಪ್ರಶಿಕ್ಷಣಾರ್ಥಿಗಳು ರೋಣ ತಾಲ್ಲೂಕಿನ ಅಸೂಟಿಗೆ ಹೋಗಿದ್ದರು. ಅವರ ಪಾಠಗಳ ವೀಕ್ಷಣೆ ನನ್ನ ಪಾಲಿಗೆ ಬಂದಿತ್ತು. ಹತ್ತನೇ ತರಗತಿಯ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ಭಾಗದಲ್ಲಿ ಬ್ಯಾಂಕ್ ವ್ಯವಹಾರಗಳ ಘಟಕ ಮುಗಿದಿತ್ತು. ಅದಕ್ಕೆ ಪೂರಕವಾಗಿ ಪ್ರಶಿಕ್ಷಣಾರ್ಥಿಯೊಬ್ಬರು ‘ಅಂಗಡಿಯ ಲೆಕ್ಕ ಎಲ್ಲಿ ಉಳಿಯುತ್ತದೆ?’ ಎಂಬ ಒಂದು ಅವಧಿಯ ಪಾಠ ಯೋಜಿಸಿದರು. ಕ್ಲೌಡ್ ಎಂದರೇನು, ವ್ಯಾಪಾರಿಗಳ ದತ್ತಾಂಶವನ್ನು ಎಲ್ಲಿ, ಹೇಗೆ ಇಡಬೇಕೆಂಬ ನಿಯಮಗಳೇನು ಎಂಬುದು ಅದರ ವಿಷಯ. ಯೋಜನೆ ನೋಡಿ, ‘ಹಳ್ಳಿಯ ಮಕ್ಕಳಿಗೆ ಇದು ದೂರದ ವಿಷಯವಾಗಲಿಲ್ಲವೇ?’ ಎಂದು ಕೇಳಿದ್ದೆ. ದೂರದ್ದಲ್ಲ ಎಂಬುದು ಪಾಠ ಮುಗಿಯುವ ಹೊತ್ತಿಗೆ ನನಗೇ ಮನವರಿಕೆಯಾಯಿತು. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ವಿಷಯವನ್ನೂ ಜೊತೆಗೇ ವಿವರಿಸುತ್ತೇನೆ, ಏಕೆಂದರೆ ಈ ಪಾಠ ಮಾಡುವ ಶಿಕ್ಷಕರಿಗೆ ಕನ್ನಡದಲ್ಲಿ ಸುಲಭವಾಗಿ ಸಿಗುವ ಸಾಮಗ್ರಿ ಕಡಿಮೆ.

ಪೂರ್ವಜ್ಞಾನ: ಹಗೇವು ಮತ್ತು ಉಗ್ರಾಣ

ಪ್ರಶಿಕ್ಷಣಾರ್ಥಿ ಮೊದಲು ಕೇಳಿದ ಪ್ರಶ್ನೆ ಚೆನ್ನಾಗಿತ್ತು: ‘ಯುಪಿಐನಾಗ ಇಪ್ಪತ್ತು ರೂಪಾಯಿ ಕೊಟ್ರಿ. ಫೋನ್ ಬಾವ್ಯಾಗ ಬಿತ್ತು. ಲೆಕ್ಕ ಹೋತೋ, ಉಳೀತೋ?’ ‘ಉಳೀತ್ರಿ’ ಎಂದು ಎಲ್ಲರೂ ಹೇಳಿದರು. ‘ಎಲ್ಲಿ?’ ಎಂದದ್ದಕ್ಕೆ ಮೂರು ಉತ್ತರ ಬಂದವು: ಬ್ಯಾಂಕಿನಲ್ಲಿ, ಟವರಿನಲ್ಲಿ, ಉಪಗ್ರಹದಲ್ಲಿ.

ಕ್ಲೌಡ್ ಎಂಬ ಹೆಸರೇ ಮಕ್ಕಳನ್ನು ಮೇಲೆ ನೋಡುವಂತೆ ಮಾಡುತ್ತದೆ. ಆದರೆ ದತ್ತಾಂಶ ಆಕಾಶದಲ್ಲಿ ಇರುವುದಿಲ್ಲ. ನೆಲದ ಮೇಲಿನ ಒಂದು ಕಟ್ಟಡದಲ್ಲಿ, ಸಾಲುಸಾಲಾಗಿ ಜೋಡಿಸಿದ ಕಂಪ್ಯೂಟರುಗಳ ಡಿಸ್ಕುಗಳಲ್ಲಿ ಇರುತ್ತದೆ. ಆ ಕಟ್ಟಡವೇ ಡೇಟಾ ಸೆಂಟರ್. ಅದಕ್ಕೆ ಹಗಲಿರುಳು ವಿದ್ಯುತ್ ಬೇಕು, ಕಂಪ್ಯೂಟರು ಕಾಯದಂತೆ ತಂಪು ಬೇಕು, ಒಳಗೆ ಯಾರು ಹೋಗಬಹುದು ಎಂಬುದಕ್ಕೆ ಕಾವಲು ಬೇಕು. ಒಂದು ದೇಶದಿಂದ ಇನ್ನೊಂದಕ್ಕೆ ದತ್ತಾಂಶ ಬಹುಪಾಲು ಸಾಗುವುದೂ ಉಪಗ್ರಹದ ಮೂಲಕ ಅಲ್ಲ. ಸಮುದ್ರದ ತಳದಲ್ಲಿ ಹಾಕಿದ ಕೇಬಲ್ಲುಗಳ ಮೂಲಕ. ಮುಂಬೈ, ಚೆನ್ನೈಗಳಲ್ಲಿ ಅವು ದಡ ಸೇರುತ್ತವೆ.

ಇದನ್ನು ಹೇಳಲು ಪ್ರಶಿಕ್ಷಣಾರ್ಥಿ ಹಗೇವನ್ನು ಬಳಸಿಕೊಂಡರು. ಹಿಂದೆ ನಮ್ಮ ಭಾಗದ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಜಾಗ ನಮ್ಮದು, ಕಾವಲು ನಮ್ಮದು, ನೀರು ಇಳಿದು ಜೋಳ ಕೆಟ್ಟರೆ ನಷ್ಟವೂ ನಮ್ಮದೇ. ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲೇ ಲೆಕ್ಕ ಇಟ್ಟುಕೊಳ್ಳುವುದು ಹಗೇವಿನಂತೆ. ಇನ್ನೊಂದು ದಾರಿ ಉಗ್ರಾಣ. ಅಲ್ಲಿ ನಮಗೆ ಬೇಕಾದಷ್ಟು ಚೀಲಕ್ಕೆ, ಬೇಕಾದಷ್ಟು ದಿನಕ್ಕೆ ಬಾಡಿಗೆ ಕೊಟ್ಟರೆ ಸಾಕು. ಕಟ್ಟಡ ಕಟ್ಟಿಸುವ ಬಂಡವಾಳ ಬೇಡ. ಕ್ಲೌಡ್ ಸೇವೆ ಉಗ್ರಾಣದಂತೆ. ಸಣ್ಣ ಬಂಡವಾಳದ ವ್ಯಾಪಾರಿಗಳು ಹೆಚ್ಚಾಗಿರುವ ನಮ್ಮಂಥ ದೇಶಗಳಲ್ಲಿ ಅದು ಬೇಗ ಹರಡಲು ಕಾರಣ ಇದೇ. ಸರ್ವರ್ ಕೊಳ್ಳಲಾಗದವನು ತಿಂಗಳ ಬಾಡಿಗೆ ಕೊಡಬಲ್ಲ.

ಹೋಲಿಕೆಗೆ ಒಂದು ಮಿತಿ ಇದೆ, ಅದನ್ನು ತರಗತಿಯಲ್ಲೇ ಹೇಳಬೇಕು. ಜೋಳದ ಚೀಲ ಒಂದೇ ಕಡೆ ಇರುತ್ತದೆ. ದತ್ತಾಂಶವನ್ನು ಎಷ್ಟು ಪ್ರತಿ ಬೇಕಾದರೂ ಮಾಡಿ ಎಷ್ಟು ಕಡೆಯಾದರೂ ಇಡಬಹುದು. ಅದು ಅನುಕೂಲವೂ ಹೌದು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದವರ ಕೆಲಸ ಮುಂದುವರಿಯಿತು. ಇಡದಿದ್ದ ಕೆಲವರು ತಮ್ಮ ದತ್ತಾಂಶ ಕಳೆದುಕೊಂಡರು. ಕ್ಲೌಡಿನಲ್ಲಿ ಇಟ್ಟ ಮಾತ್ರಕ್ಕೆ ಸುರಕ್ಷಿತವಲ್ಲ ಎಂಬುದು ಇದರಿಂದ ಸ್ಪಷ್ಟ. ಆದರೆ ಪ್ರತಿ ಹೆಚ್ಚಿದಷ್ಟೂ ಇನ್ನೊಂದು ತೊಂದರೆ ಹೆಚ್ಚುತ್ತದೆ: ಅಳಿಸಬೇಕೆಂದಾಗ ಎಲ್ಲ ಪ್ರತಿಗಳೂ ಅಳಿದವೇ ಎಂದು ಹೇಳುವುದು ಕಷ್ಟ. ಈ ಮಾತಿಗೆ ಮುಂದೆ ಬರುತ್ತೇನೆ.

ಹತ್ತಿರದ ಉದಾಹರಣೆ: ಉತಾರ ಮತ್ತು ಸೊಸೈಟಿ

ಎರಡನೇ ಹಂತದಲ್ಲಿ ಪ್ರಶಿಕ್ಷಣಾರ್ಥಿ ಉತಾರದ ಒಂದು ಪ್ರತಿಯನ್ನು ಬೋಧನೋಪಕರಣವಾಗಿ ತಂದಿದ್ದರು. ಹೆಸರು, ಸರ್ವೆ ನಂಬರು ಮುಚ್ಚಿದ್ದರು. ಅದನ್ನು ನಾನು ವೀಕ್ಷಣಾ ಪುಸ್ತಕದಲ್ಲಿ ಮೆಚ್ಚಿ ಬರೆದೆ.

ಪಹಣಿ ಅಥವಾ ಉತಾರ ಮೊದಲು ತಲಾಠಿಯ ಕೈಬರಹದಲ್ಲಿ, ಅವರ ದಫ್ತರದಲ್ಲೇ ಇರುತ್ತಿತ್ತು. ಪ್ರತಿ ಬೇಕಾದರೆ ಅವರನ್ನೇ ಹುಡುಕಿಕೊಂಡು ಹೋಗಬೇಕಿತ್ತು. 2001ರ ಹೊತ್ತಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಆರಂಭದಲ್ಲಿ ಅವು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿದ್ದವು. ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ತಿದ್ದಿದರು ಎಂಬ ಗುರುತು ಉಳಿಯಲಿ ಎಂದು ಈ ವ್ಯವಸ್ಥೆ. ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದ ಮೂಲಕ ಸೇವೆ ಒಂದೆಡೆಗೆ ಬಂತು, ಈಗ ಮನೆಯಲ್ಲೇ ಕೂತು ನೋಡಬಹುದು. ತಲಾಠಿಯ ದಫ್ತರ, ತಾಲ್ಲೂಕಿನ ಕಂಪ್ಯೂಟರ್, ರಾಜಧಾನಿಯ ಕೇಂದ್ರ: ಒಂದೇ ದಾಖಲೆಯ ಈ ಮೂರು ಮನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಮಕ್ಕಳಿಗೆ ಸಂಗ್ರಹ ಎಂಬ ಪದ ಸಲೀಸಾಗಿ ಹಿಡಿಸಿತು.

ವ್ಯವಹಾರದ ಉದಾಹರಣೆಯಾಗಿ ಸೊಸೈಟಿ ಬಂತು. ನಮ್ಮ ಗದಗ ಜಿಲ್ಲೆಗೆ ಇದು ಹೆಮ್ಮೆಯ ವಿಷಯ: 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ನಾಡಿನ ಸಹಕಾರ ಚಳವಳಿ ಮೊದಲಾಯಿತು. ಅಂದಿನಿಂದ ಸೊಸೈಟಿಯ ಲೆಕ್ಕವೆಂದರೆ ಕಿರ್ದಿ, ಖತಾವಣಿ, ಅವುಗಳಿಗೊಂದು ಕಪಾಟು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅದರ ಸಾಮಾನ್ಯ ತಂತ್ರಾಂಶ ಕ್ಲೌಡ್ ಆಧಾರಿತ. ಎಂದರೆ ರೈತನ ಸಾಲದ ಖಾತೆಯೂ ಊರಿನ ಕಪಾಟಿನಿಂದ ದೂರದ ಕಟ್ಟಡಕ್ಕೆ ಹೋಗುವ ಕಾಲ ಇದು.

ನಿಯಮಗಳು: ಎಲ್ಲಿ ಇಡಬೇಕು?

ಇಲ್ಲಿ ಪ್ರಶಿಕ್ಷಣಾರ್ಥಿ ಒಂದು ತಪ್ಪು ಮಾಡಿದರು. ‘ಭಾರತದವರ ಎಲ್ಲ ಮಾಹಿತಿಯನ್ನೂ ಭಾರತದಲ್ಲೇ ಇಡಬೇಕೆಂದು ಕಾನೂನು ಹೇಳುತ್ತದೆ’ ಎಂದು ಬರೆಸಿದರು. ಇದು ಸರಿಯಲ್ಲ. ಯಾವ ಬಗೆಯ ದತ್ತಾಂಶ ಎಂಬುದರ ಮೇಲೆ ನಿಯಮ ಬೇರೆಯಾಗುತ್ತದೆ. ಪಾಠಕ್ಕೆ ಬೇಕಾಗುವಷ್ಟನ್ನು ಕೆಳಗೆ ಕೊಡುತ್ತೇನೆ.

ಪಾವತಿಯ ದತ್ತಾಂಶ: 2018ರ ಏಪ್ರಿಲ್ 6ರಂದು ಭಾರತೀಯ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಪಾವತಿ ವ್ಯವಸ್ಥೆಗಳನ್ನು ನಡೆಸುವವರು ವ್ಯವಹಾರದ ಪೂರ್ಣ ವಿವರಗಳನ್ನು ಭಾರತದೊಳಗೆ ಮಾತ್ರ ಸಂಗ್ರಹಿಸಬೇಕು, ಆರು ತಿಂಗಳಲ್ಲಿ ಇದು ಆಗಬೇಕು ಎಂಬುದು ಅದರ ಸಾರ. ಮರುವರ್ಷದ ಸ್ಪಷ್ಟೀಕರಣದಂತೆ, ಸಂಸ್ಕರಣೆ ಹೊರದೇಶದಲ್ಲಿ ನಡೆದರೂ ಅಲ್ಲಿನ ಪ್ರತಿಯನ್ನು ಅಳಿಸಿ, ಒಂದು ಕೆಲಸದ ದಿನ ಅಥವಾ 24 ಗಂಟೆ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ಭಾರತಕ್ಕೆ ತರಬೇಕು. ನಿಯಮ ಕಾಗದದಲ್ಲೇ ಉಳಿಯಲಿಲ್ಲ. ಇದನ್ನು ಪಾಲಿಸಲಿಲ್ಲವೆಂದು 2021ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಮಾಸ್ಟರ್‌ಕಾರ್ಡ್ ಕಂಪನಿಗಳು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧಿಸಿತು. ಪಾಲನೆ ತೃಪ್ತಿಕರವೆಂದು ಕಂಡ ಮೇಲೆ 2022ರಲ್ಲಿ ಅದನ್ನು ತೆಗೆಯಿತು. ಅಸೂಟಿಯ ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಕೊಟ್ಟ ಇಪ್ಪತ್ತು ರೂಪಾಯಿಯ ವಿವರಕ್ಕೂ ಇದೇ ಸುತ್ತೋಲೆ ಅನ್ವಯಿಸುತ್ತದೆ.

ಕಂಪನಿಗಳ ಲೆಕ್ಕಪತ್ರ: 2022ರ ಆಗಸ್ಟ್‌ನ ತಿದ್ದುಪಡಿಯಂತೆ, ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವ ಕಂಪನಿಗಳು ಅದರ ಬ್ಯಾಕಪ್ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು. ಇದು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ. ಒಬ್ಬರೇ ನಡೆಸುವ ಕಿರಾಣಿ ಅಂಗಡಿಯ ಉದ್ರಿ ವಹಿಗೆ ಅಲ್ಲ.

ಭದ್ರತೆ: 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ, ಕಂಪ್ಯೂಟರ್ ವ್ಯವಸ್ಥೆಗೆ ದಾಳಿಯಾದರೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಾರು ಯಾವಾಗ ಒಳಬಂದರು ಎಂಬ ದಾಖಲೆಯನ್ನು 180 ದಿನ ಇಟ್ಟಿರಬೇಕು.

ವೈಯಕ್ತಿಕ ದತ್ತಾಂಶ: ಇದರ ಬೇರು ಒಂದು ತೀರ್ಪಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರುತ್ತವೆ. ಈ ಕಾಯ್ದೆ ಎಲ್ಲ ಮಾಹಿತಿಯನ್ನೂ ದೇಶದೊಳಗೇ ಇಡಬೇಕೆಂದು ಹೇಳುವುದಿಲ್ಲ. ಹೊರಗೆ ಕಳಿಸಬಹುದು. ಆದರೆ ಇಂಥ ದೇಶಕ್ಕೆ ಕಳಿಸಬಾರದು ಎಂದು ನಿರ್ಬಂಧಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಪಾವತಿಯಂಥ ವಿಷಯಗಳಲ್ಲಿ ಇದಕ್ಕಿಂತ ಬಿಗಿಯಾದ ನಿಯಮವಿದ್ದರೆ ಆ ಬಿಗಿ ನಿಯಮ ಹಾಗೆಯೇ ಉಳಿಯುತ್ತದೆ. ಸಾಕಷ್ಟು ಭದ್ರತೆ ಇಡದೆ ದತ್ತಾಂಶ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು.

ಏಕೆ ಇಷ್ಟು ನಿಯಮ? ವಿದ್ಯಾರ್ಥಿಯೊಬ್ಬ ಇದನ್ನೇ ಕೇಳಿದ. ಕಟ್ಟಡ ಯಾವ ದೇಶದಲ್ಲಿದೆಯೋ ಆ ದೇಶದ ಪೊಲೀಸರು, ನ್ಯಾಯಾಲಯಗಳು ಅದರ ಬಾಗಿಲು ಬಡಿಯಬಹುದು. ನಮ್ಮ ದೇಶದ ವ್ಯವಹಾರದಲ್ಲಿ ವಂಚನೆಯಾದಾಗ ತನಿಖೆಗೆ ಬೇಕಾದ ದಾಖಲೆ ಬೇರೆ ದೇಶದಲ್ಲಿದ್ದರೆ ಅದನ್ನು ತರಿಸಲು ದಿನಗಳು, ಕೆಲವೊಮ್ಮೆ ವರ್ಷಗಳು ಬೇಕು. ಅದಕ್ಕಾಗಿಯೇ ಬೆಳೆಯುತ್ತಿರುವ ಹಲವು ದೇಶಗಳು ಇಂಥ ನಿಯಮ ಮಾಡಿವೆ. ವಿಯೆಟ್ನಾಂ 2022ರಲ್ಲಿ ಕೆಲವು ಬಗೆಯ ದತ್ತಾಂಶ ದೇಶದೊಳಗೇ ಇರಬೇಕೆಂದಿತು. ಇಂಡೊನೇಷ್ಯಾ ಮೊದಲು ಬಿಗಿ ನಿಯಮ ಮಾಡಿ, 2019ರಲ್ಲಿ ಖಾಸಗಿಯವರಿಗೆ ಸಡಿಲಿಸಿತು. ಸಡಿಲಿಸುವುದಕ್ಕೂ ಕಾರಣವಿದೆ. ದೇಶದೊಳಗೇ ಇಡಬೇಕೆಂದರೆ ಸೇವೆಯ ಆಯ್ಕೆ ಕಡಿಮೆಯಾಗುತ್ತದೆ, ಬಾಡಿಗೆ ಏರಬಹುದು, ಅದರ ಭಾರ ಸಣ್ಣ ಉದ್ಯಮಗಳ ಮೇಲೆ ಹೆಚ್ಚು ಬೀಳುತ್ತದೆ. ಭಾರತದಲ್ಲಿ ಈ ಭಾರ ಸ್ವಲ್ಪ ಹಗುರಾದದ್ದು ದೊಡ್ಡ ಕಂಪನಿಗಳು ಇಲ್ಲೇ ಕೇಂದ್ರ ತೆರೆದದ್ದರಿಂದ: ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ.

ಒಂದು ಪ್ರಶ್ನೆ

ಪಾಠ ಮುಗಿಯುತ್ತ ಬಂದಿತ್ತು. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದು, ಯಾರೇ ನಮ್ಮ ಮಾಹಿತಿ ಕೇಳಿದರೂ ಇವನ್ನು ಕೇಳಬೇಕು ಎಂದರು: ಎಲ್ಲಿ ಇಡುತ್ತೀರಿ? ಯಾರು ನೋಡಬಹುದು? ಎಷ್ಟು ದಿನ?

ಎರಡನೇ ಸಾಲಿನ ಹುಡುಗಿ ಎದ್ದಳು. ‘ಟೀಚರ್ರ, ಹ್ವಾದ ವಾರ ಮೊಬೈಲ್‌ನಾಗ ಒಂದ್ ಫಾರ್ಮ್ ತುಂಬಿಸ್ಕೊಂಡ್ರೆಲಾ, ಅದು ಎಲ್ಲೈತ್ರಿ?’

ಪ್ರಶಿಕ್ಷಣಾರ್ಥಿ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ನೋಡಿದರು. ಆ ಫಾರ್ಮ್ ಮಾಡಿಕೊಟ್ಟವನು ನಾನೇ. ಐವರ ಕ್ರಿಯಾಸಂಶೋಧನೆಗೂ ಒಂದೇ ಮಾಹಿತಿ ಸಾಕೆಂದು, ಒಂದು ಉಚಿತ ಆನ್‌ಲೈನ್ ಫಾರ್ಮಿನಲ್ಲಿ ಹೆಸರು, ಜಾತಿ, ಫೋನ್ ನಂಬರು, ಹೊಲ ಎಷ್ಟು ಎಕರೆ, ಮನೆಗೆ ಸಾಲ ಎಷ್ಟು ಎಂದೆಲ್ಲ ಕೇಳಿದ್ದೆ. ಉತ್ತರಗಳ ಪಟ್ಟಿಯನ್ನು ಐವರೂ ಸುಲಭವಾಗಿ ತೆರೆಯಲಿ ಎಂದು ಲಿಂಕ್ ಇದ್ದವರೆಲ್ಲ ನೋಡುವಂತೆ ಬಿಟ್ಟಿದ್ದೆ. ಫಾರ್ಮಿನ ಲಿಂಕ್ ಕಳಿಸುವಾಗ ಯಾರದೋ ಕೈತಪ್ಪಿನಿಂದ ಪಟ್ಟಿಯ ಲಿಂಕೂ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಿತ್ತು. ಹುಡುಗಿ ಕೂರಲಿಲ್ಲ. ‘ನಮ್ಮಪ್ಪನ ಸಾಲ ಎಷ್ಟ್ ಅಂತ ಹಿಂದಿನ ಓಣಿ ಹುಡುಗ್ರು ಅಂತಾರ್ರೀ’ ಎಂದಳು. ಯಾರೂ ನಗಲಿಲ್ಲ. ಆ ಪಟ್ಟಿಯಲ್ಲಿ ಎಲ್ಲರ ಮನೆಯದೂ ಇತ್ತಲ್ಲ.

ಒಬ್ಬ ಹುಡುಗ ಮಾತ್ರ, ‘ಉತಾರದಾಗೂ ಸಾಲ ಇರ್ತೈತೆಲ್ರಿ, ಅದನ್ನ ಯಾರ್ ಬೇಕಾದ್ರೂ ನೋಡಬಹುದಲ್ರಿ’ ಎಂದ. ಅವನ ಮಾತು ನಿಜ. ಉತಾರದಲ್ಲಿ ಋಣದ ಕಲಮು ಇದೆ. ಆದರೆ ಅದು ಅಲ್ಲಿರುವುದಕ್ಕೆ ಒಂದು ಕಾರಣವಿದೆ: ಹೊಲ ಕೊಳ್ಳುವವನಿಗೆ ಅದರ ಮೇಲೆ ಬ್ಯಾಂಕಿನ ಸಾಲವಿದೆ ಎಂದು ಗೊತ್ತಾಗಬೇಕು. ನಾವು ಕೇಳಿದ್ದಕ್ಕೆ ಅಂಥ ಕಾರಣವಿರಲಿಲ್ಲ. ಕೈಸಾಲ ಉತಾರದಲ್ಲಿ ಬರುವುದೂ ಇಲ್ಲ. ಒಂದು ಉದ್ದೇಶಕ್ಕೆ ತೆರೆದಿಟ್ಟ ಮಾಹಿತಿಯನ್ನು ತೋರಿಸಿ ಇನ್ನೊಂದನ್ನು ತೆರೆದಿಡಲಾಗದು. 2023ರ ಕಾಯ್ದೆಯ ತಿರುಳೂ ಇದೇ. ನಿರ್ದಿಷ್ಟ ಉದ್ದೇಶ ತಿಳಿಸಿ, ಅದಕ್ಕೆ ಬೇಕಾದಷ್ಟನ್ನೇ ಪಡೆಯಬೇಕು. 18 ವರ್ಷದೊಳಗಿನವರಾದರೆ ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಸ್ವಲ್ಪ ವಿನಾಯಿತಿ ಇದೆ. ತಂದೆಯ ಸಾಲ ಅದರೊಳಗೆ ಬರುವುದಿಲ್ಲ. ಹೊಣೆಗಳು ಇನ್ನೂ ಪೂರ್ತಿ ಜಾರಿಯಾಗಿಲ್ಲ ಎಂಬುದು ಆ ಹುಡುಗಿಗೆ ಕೊಡಬಹುದಾದ ಉತ್ತರವಲ್ಲ.

ತರಗತಿಯ ಮುಂದೆಯೇ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅಲ್ಲೇ ಲಿಂಕ್ ಮುಚ್ಚಿದೆ. ಅಳಿಸಲು ಕೂತಾಗ ಪ್ರತಿಗಳ ಮಾತು ನೆನಪಾಯಿತು. ಮೂಲ ಪಟ್ಟಿ ಒಂದು. ಇಬ್ಬರು ಪ್ರಶಿಕ್ಷಣಾರ್ಥಿಗಳು ಇಳಿಸಿಕೊಂಡ ಪ್ರತಿ ಎರಡು. ಒಬ್ಬರು ತಮಗೇ ಮೇಲ್ ಮಾಡಿಕೊಂಡದ್ದು ಒಂದು. ನಾನು ಮುದ್ರಿಸಿ ಕಡತಕ್ಕೆ ಸೇರಿಸಿದ್ದು ಇನ್ನೊಂದು. ಅಳಿಸಿದ ಮೇಲೂ ಕಸದ ಬುಟ್ಟಿಯ ಫೋಲ್ಡರಿನಲ್ಲಿ ಅದು ಉಳಿದಿತ್ತು. ನಮ್ಮ ಕೈಯಲ್ಲಿದ್ದ ಎಲ್ಲವನ್ನೂ ತೆಗೆದೆವು. ಬೇರೆಯವರ ಫೋನಿನಲ್ಲಿ ಉಳಿದ ಸ್ಕ್ರೀನ್‌ಶಾಟ್‌ಗಳನ್ನು ತೆಗೆಯುವ ದಾರಿ ನಮಗಿರಲಿಲ್ಲ.

ಸಂಜೆ ಪ್ರಶಿಕ್ಷಣಾರ್ಥಿಯನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದೆ. ಅವಳ ತಂದೆ ಕಡಲೆ ಹೊಲದಿಂದ ಆಗಷ್ಟೇ ಬಂದಿದ್ದರು. ಚಹಾ ಕೊಡಿಸಿದರು, ಪೂರ್ತಿ ಕೇಳಿದರು. ಆಮೇಲೆ, ‘ಹೋಗ್ಲಿ ಬಿಡ್ರಿ ಸರ್. ಆದ್ರ ಒಂದ್ ಹೇಳ್ರಿ, ಅದನ್ನ ಕೇಳಿದ್ದರ ಯಾಕ? ಅಕಿ ಓದಿಗೂ ನನ್ನ ಸಾಲಕ್ಕೂ ಏನ್ ಸಂಬಂಧ?’ ಎಂದರು. ಕ್ರಿಯಾಸಂಶೋಧನೆಯ ನಮೂನೆಯಲ್ಲಿ ‘ಕುಟುಂಬದ ಆರ್ಥಿಕ ಹಿನ್ನೆಲೆ’ ಎಂಬ ಅಂಕಣವಿದೆ, ಅದಕ್ಕೇ ಕೇಳಿದೆವು ಎಂದೆ. ಹೇಳುತ್ತಿರುವಾಗಲೇ ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು.

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಬೇರೆ ಶಾಲೆಯಲ್ಲಿ ಮಾಡುವವರು ಹಗೇವಿನ ಹೋಲಿಕೆ, ಉತಾರದ ಮೂರು ಮನೆಗಳು, ಪಾವತಿಯ ನಿಯಮ, ಕೊನೆಗೆ ಮೂರು ಪ್ರಶ್ನೆಗಳು, ಈ ಕ್ರಮವನ್ನೇ ಇಟ್ಟುಕೊಳ್ಳಬಹುದು. ನಲವತ್ತು ನಿಮಿಷಕ್ಕೆ ಅಷ್ಟು ಸಾಕು. ಉಳಿದ ನಿಯಮಗಳು ಶಿಕ್ಷಕರ ತಿಳಿವಳಿಕೆಗಾಗಿ. ಮೌಲ್ಯಮಾಪನಕ್ಕೆ ಇಸವಿ ಕೇಳುವುದಕ್ಕಿಂತ ಸಂದರ್ಭ ಕೊಡುವುದು ಒಳ್ಳೆಯದು. ಉದಾಹರಣೆಗೆ: ಬೀಜದ ಅಂಗಡಿಯವರು ಉದ್ರಿ ಲೆಕ್ಕವನ್ನು ಮೊಬೈಲ್ ಆ್ಯಪಿಗೆ ಹಾಕಬೇಕೆಂದಿದ್ದಾರೆ. ಹಾಕುವ ಮೊದಲು ಆ್ಯಪಿನವರಿಗೆ ಯಾವ ಪ್ರಶ್ನೆ ಕೇಳಬೇಕು? ಗಿರಾಕಿಗಳಿಗೆ ಏನು ತಿಳಿಸಬೇಕು?

ಮಕ್ಕಳ ಮಾಹಿತಿ ಸಂಗ್ರಹಿಸುವ ನಮ್ಮ ಕೆಲಸಕ್ಕೆ ಕಾಲೇಜಿನಲ್ಲಿ ಈಗ ಐದು ಪ್ರಶ್ನೆ ಬರೆದಿಟ್ಟಿದ್ದೇವೆ. ಇದು ಯಾವ ಕಲಿಕಾ ಉದ್ದೇಶಕ್ಕೆ ಬೇಕು? ಹೆಸರಿನ ಬದಲು ಸಂಖ್ಯೆ ಸಾಲದೇ? ಪಾಲಕರಿಗೆ ಹೇಳಿ ಒಪ್ಪಿಗೆ ಪಡೆದಿದ್ದೇವೆಯೇ? ಯಾರ್ಯಾರು ತೆರೆಯಬಲ್ಲರು? ಯಾವ ದಿನ, ಎಷ್ಟು ಪ್ರತಿಗಳನ್ನು ಯಾರು ಅಳಿಸುತ್ತಾರೆ? ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ನಾಲ್ಕಕ್ಕೆ ಹೋಗುವುದೇ ಬೇಡ, ಆ ಅಂಕಣವನ್ನೇ ಬಿಡುವುದು. ಈ ಸಲದ ಐದೂ ಕ್ರಿಯಾಸಂಶೋಧನಾ ವರದಿಗಳಲ್ಲಿ ಸಾಲದ ಅಂಕಣ ಇಲ್ಲ. ಅದಿಲ್ಲದ್ದರಿಂದ ಯಾವ ವರದಿಗೂ ಕೊರತೆಯಾಗಲಿಲ್ಲ.

ಆ ದಿನದ ವೀಕ್ಷಣಾ ಪುಸ್ತಕದಲ್ಲಿ ‘ಸುಧಾರಣೆಗೆ ಸಲಹೆ’ ಎಂಬಲ್ಲಿ ಎರಡು ಸಾಲು ಬರೆದೆ. ಮೊದಲನೆಯದು ಪ್ರಶಿಕ್ಷಣಾರ್ಥಿಗೆ: ಎಲ್ಲ ದತ್ತಾಂಶಕ್ಕೂ ಒಂದೇ ನಿಯಮ ಎಂಬ ವಾಕ್ಯವನ್ನು ಮುಂದಿನ ಅವಧಿಯಲ್ಲಿ ತಿದ್ದಿಸಿ. ಎರಡನೆಯದು ವೀಕ್ಷಕನಿಗೆ. ಅದರ ಕೆಳಗೆ ಪ್ರಶಿಕ್ಷಣಾರ್ಥಿಯಿಂದಲೇ ಸಹಿ ಹಾಕಿಸಿದೆ.